ಅಪ್‌ಡೇಟ್: ಗಣೇಶ ಪೆಂಡಾಲ್‌ಗೆ ಅನುಮತಿ ಸಿಕ್ಕಿತು

ಬೆಂಗಳೂರಿನ ನಮ್ಮ ಬೀದಿಯ ಗಣೇಶ ಪೆಂಡಾಲ್‌ಗೆ ಅನುಮತಿ ಸಿಗುತ್ತಿಲ್ಲ, ಏನು ಮಾಡೋದು ಅಂತ ಹಿಂದೆ ಇಲ್ಲಿ ಸಲಹೆ ಕೇಳಿದ್ದೆ. ಈಗ ಸಿಕ್ಕಿದೆ! ಕೆಲಸಕ್ಕೆ ಬಂದಿದ್ದು ಪೆಂಡಾಲ್ ಜಾಗದ ನಕ್ಷೆ ಬರೆದು ಕೊಡಿ ಎಂದವರ ಸಲಹೆ. ಪೆಂಡಾಲನ್ನು ಬಸ್ ಓಡಾಡುವ ರಸ್ತೆಯಿಂದ ಅಡ್ಡರಸ್ತೆಗೆ ಸರಿಸಿದೆವು. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಹೋಗಲು ಎಷ್ಟು ಜಾಗ ಉಳಿಯುತ್ತದೆ ಎಂದು ಅಳತೆ ಸಮೇತ ತೋರಿಸಿದೆವು. ಪೊಲೀಸರು ಮೊದಲು ನೋಡಿದ್ದೇ ಅದನ್ನು. ಮುಖಂಡರ ಶಿಫಾರಸು ಪತ್ರದಿಂದ ಏನೂ ಆಗಲಿಲ್ಲ.

ಏಕಗವಾಕ್ಷಿ ಕೇಂದ್ರದಲ್ಲಿ ಪಾಲಿಕೆ, ಪೊಲೀಸ್, ಬೆಸ್ಕಾಂ (ವಿದ್ಯುತ್ ಕಂಪನಿ) ಎಲ್ಲ ಒಂದೇ ಕಡೆ ಸಿಕ್ಕಿದ್ದರಿಂದ ಅಲೆದಾಟ ಜಾಸ್ತಿ ಇರಲಿಲ್ಲ. ಕರೆಂಟಿಗೆ ತಾತ್ಕಾಲಿಕ ಸಂಪರ್ಕವೇ ಬೇಕು, ಪಕ್ಕದ ಮನೆಯಿಂದ ಸುಮ್ನೆ ವೈರ್ ಎಳೆಯುವಂತಿಲ್ಲ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕ್ ಬಂದ್ ಅನ್ನೋದು ಗೊತ್ತೇ ಇದೆ ಅಲ್ವಾ? 2000ದ ಶಬ್ದಮಾಲಿನ್ಯ ನಿಯಮದಲ್ಲಿ ಹಗಲಿಗೂ ಮಿತಿ ಇದೆ: ವಸತಿ ಪ್ರದೇಶದಲ್ಲಿ 55 ಡೆಸಿಬಲ್. ವಯಸ್ಸಾದವರು ಜಾಸ್ತಿ ಇರುವ ನಮ್ಮ ಬೀದಿಗೆ ಅದು ಒಳ್ಳೆಯದೇ.