ಮಂಗಳೂರಿಂದ ಕಾಸರಗೋಡಿಗೆ ರಕ್ತ ಡ್ರೋನ್‌ನಲ್ಲಿ ಬರಬಹುದಾ?

ಬದಿಯಡ್ಕದವ:
ಕಳೆದ ಆಟಿಯಲ್ಲಿ, ಅಂದರೆ ಜಡಿಮಳೆಯ ತಿಂಗಳಲ್ಲಿ, ಅಕ್ಕನಿಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಒ ನೆಗೆಟಿವ್ ರಕ್ತ ಬೇಕಿತ್ತು. ಕಾಸರಗೋಡಿನಲ್ಲಿ ಆ ರಾತ್ರಿ ಎಲ್ಲಿ ಕೇಳಿದರೂ ಇಲ್ಲ. ಭಾವ ಮಂಗಳೂರಿಗೆ ಹೋಗಿ ಎರಡು ಚೀಲ ತಂದರು. ಜಡಿಮಳೆ, ಹೆದ್ದಾರಿ ಕೆಲಸ, ತಲಪಾಡಿ ಗಡಿಯಲ್ಲಿ ಗಾಡಿಗಳ ಸಾಲು. ಬರುವ ದಾರಿಗೇ ಎರಡೂಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾನು ಆಸ್ಪತ್ರೆಯ ಗೇಟಿನ ಹತ್ತಿರ ನಿಂತು ಬರುವ ಲೈಟುಗಳನ್ನೇ ನೋಡುತ್ತಿದ್ದೆ. ಅಕ್ಕ ಉಳಿದಳು.

2019ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕಿಡ್ನಿಯನ್ನೇ ಡ್ರೋನ್‌ನಲ್ಲಿ ತಂದು ಜೋಡಿಸಿದ್ದಾರೆ. 2021ರಲ್ಲಿ ಟೊರೊಂಟೊದಲ್ಲಿ ಶ್ವಾಸಕೋಶ. ಕಿಡ್ನಿ ಹಾರಬಹುದಾದರೆ ಎರಡು ಚೀಲ ರಕ್ತ ಯಾಕೆ ಹಾರಬಾರದು?

ರಕ್ತನಿಧಿಯ ಟೆಕ್ನಿಷಿಯನ್:
ಹಾರಬಹುದು. 2023ರ ಮೇ ತಿಂಗಳಲ್ಲಿ ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ದೆಹಲಿ ಹತ್ತಿರ ರಕ್ತದ ಚೀಲಗಳನ್ನೇ ಹಾರಿಸಿ ಪರೀಕ್ಷೆ ಮಾಡಿದೆ. ನಮ್ಮ ಕಡೆಯೂ ಕಾರ್ಕಳದಲ್ಲಿ ಆಪರೇಷನ್ ನಡೆಯುತ್ತಿರುವಾಗಲೇ ರೋಗಿಯ ಅಂಗಾಂಶದ ತುಣುಕನ್ನು ಮಣಿಪಾಲದ ಲ್ಯಾಬಿಗೆ ಡ್ರೋನ್‌ನಲ್ಲಿ ಕಳಿಸಿ ನೋಡಿದ್ದಾರೆ. ಕೆಂಪುಕಣದ ಚೀಲಕ್ಕೆ 2ರಿಂದ 6 ಡಿಗ್ರಿ ತಂಪು ಸಾಕು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಬೇರೆ, ಅದಕ್ಕೆ 20ರಿಂದ 24 ಡಿಗ್ರಿ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವ ಹಾಗಿಲ್ಲ.

ಆದರೆ ಒಂದು ಮಾತು. ರಕ್ತ ಬರುವ ಮೊದಲು ರೋಗಿಯ ರಕ್ತದ ಸ್ಯಾಂಪಲ್ ಒಂದು ಸಣ್ಣ ಟ್ಯೂಬಿನಲ್ಲಿ ನಮ್ಮ ಹತ್ತಿರ ಬರಬೇಕು. ಕ್ರಾಸ್‌ಮ್ಯಾಚ್ (ರೋಗಿಯ ರಕ್ತಕ್ಕೆ ಚೀಲದ ರಕ್ತ ಹೊಂದುತ್ತದಾ ಎಂಬ ಪರೀಕ್ಷೆ) ಆಗದೆ ನಾವು ಸಾಮಾನ್ಯವಾಗಿ ಚೀಲ ಕೊಡುವುದಿಲ್ಲ. ತೀರಾ ತುರ್ತಿದ್ದರೆ ಮಾತ್ರ, ಡಾಕ್ಟರ್ ಬರೆದುಕೊಟ್ಟರೆ. ಹಾಗಾಗಿ ಡ್ರೋನ್ ಎರಡೂ ಕಡೆ ಹಾರಬೇಕು. ಅರ್ಧ ಹೊತ್ತು ಉಳಿಯುವುದೇ ಆ ಸಣ್ಣ ಟ್ಯೂಬಿನಲ್ಲಿ.

ಡ್ರೋನ್ ಹಾರಿಸುವವ, ಮುಳ್ಳೇರಿಯ:
ನಾನು ತೋಟಕ್ಕೆ ಮದ್ದು ಬಿಡುವ ಡ್ರೋನ್ ಹಾರಿಸುತ್ತೇನೆ. ಬಾಲ್ಟಿಮೋರ್‌ನದ್ದು 5 ಕಿ.ಮೀ ಒಳಗಿನ ಹಾರಾಟ. ಕಾಸರಗೋಡಿಂದ ಮಂಗಳೂರು ನೇರ ಅಳೆದರೂ 40 ಕಿ.ಮೀ ದಾಟುತ್ತದೆ. ನನ್ನದರಂಥ ಡ್ರೋನ್ ಅಷ್ಟು ದೂರ ಹೋಗುವುದಿಲ್ಲ. ವಿಮಾನದ ಹಾಗೆ ರೆಕ್ಕೆ ಇರುವುದು ಬೇಕು. ಕಣ್ಣಿಗೆ ಕಾಣದಷ್ಟು ದೂರ ಹಾರಿಸಲು ಬೇರೆ ಒಪ್ಪಿಗೆ ಬೇಕು. 2021ರ ಡ್ರೋನ್ ನಿಯಮದ ಪ್ರಕಾರ ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ ನಡುವೆ 200 ಅಡಿ ಮೇಲೆ ಹೋಗಬೇಕಾದರೂ ಅನುಮತಿ ಕೇಳಬೇಕು. ಮಂಗಳೂರಿಗೆ ಕೆಂಜಾರಿನ ವಿಮಾನ ನಿಲ್ದಾಣ ಎಷ್ಟು ಹತ್ತಿರ ಅಂತ ನಿಮಗೇ ಗೊತ್ತು.

ಇದೆಲ್ಲ ಆಗುವ ಕೆಲಸ. ನನಗೆ ಹೆದರಿಕೆ ಆಟಿಯ ಗಾಳಿಮಳೆಯದ್ದು. ರಸ್ತೆ ಕೆಡುವ ದಿನವೇ ಆಕಾಶವೂ ಕೆಡುತ್ತದೆ ಅಲ್ವಾ?

ಬದಿಯಡ್ಕದವ:
ಸ್ಯಾಂಪಲ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಅದನ್ನೂ ಭಾವನೇ ಕೊಂಡುಹೋದದ್ದು. ಹೋಗುವಾಗಿನ ಒಂದೂಮುಕ್ಕಾಲು ಗಂಟೆಯನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಮಳೆಯ ಮಾತು ಒಪ್ಪುತ್ತೇನೆ. ಆದರೆ 2020ರಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಮುಚ್ಚಿದ್ದು ಮಾರ್ಚ್ ಕೊನೆಗೆ, ಬಿಸಿಲಿನಲ್ಲಿ. ಆಗ ಮಂಗಳೂರಿಗೆ ಹೋಗಲಾಗದೆ ನಮ್ಮ ಕಡೆಯ ರೋಗಿಗಳು ತೀರಿಕೊಂಡರು. ಮಳೆಗಾಲ ಬಿಟ್ಟರೂ ವರ್ಷದಲ್ಲಿ ಎಂಟು ತಿಂಗಳು ಉಳಿಯುತ್ತದೆ. ಮೊದಲು ಟ್ಯೂಬ್ ಮಾತ್ರ ಹಾರಿಸಿ ನೋಡಲಿ. ಇದಕ್ಕೆ ಅರ್ಜಿ ಬರೆಯುವುದು ಯಾರಿಗೆ, ಕೇರಳದ ಕಡೆಗಾ, ಕರ್ನಾಟಕದ ಕಡೆಗಾ? ಗೊತ್ತಿದ್ದವರು ಹೇಳಿ, ಈ ವಾರವೇ ಬರೆಯುತ್ತೇನೆ.