ತೆಂಗಿನೆಣ್ಣೆಗೆ ದೋಣಿ ಹೊಳೆಯುವುದಿಲ್ಲ, ಭಾವ

ಮಳೆಗಾಲ ಕಳೆದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ದೋಣಿಗಳು ಮತ್ತೆ ಹೊರಡುವ ಹೊತ್ತು. ಹಳೇ ಫೈಬರ್ ದೋಣಿ ಇಟ್ಟುಕೊಂಡವರಿಗೆಲ್ಲ ಒಂದೇ ಚಿಂತೆ: ಬಿಳಿಚಿಕೊಂಡ ಈ ಮೈ ನೋಡಿ ಯಾರು ಹತ್ತುತ್ತಾರೆ? ಹೊಳೆಬದಿಯ ಶೆಡ್ಡಿನಲ್ಲಿ 20 ಅಡಿಯ ನೀಲಿ ದೋಣಿಯೊಂದರ ಸುತ್ತ ಮೂವರು ಸೇರಿದ್ದಾರೆ. ಒಬ್ಬ ದೋಣಿಯ ಯಜಮಾನ, ಊರಿಗೆಲ್ಲ ಭಾವ. ಇನ್ನೊಬ್ಬ ಫೈಬರ್ ಕೆಲಸದ ಮೇಸ್ತ್ರಿ. ಮೂರನೆಯವರು ರಿಟೈರಾದ ಕೆಮಿಸ್ಟ್ರಿ ಮಾಷ್ಟ್ರು. ಇವರಿಗೆ ದೋಣಿ ಇಲ್ಲ, ಅಭಿಪ್ರಾಯ ಮಾತ್ರ ಉಂಟು.

"ಎರಡು ಕುಡ್ತೆ ತೆಂಗಿನೆಣ್ಣೆ ಹಚ್ಚಿ ಬಿಡುವ," ಎಂದ ಭಾವ. "ಕೂಡ್ಲೆ ಕನ್ನಡಿ."

"ಸಂಜೆವರೆಗೆ ಕನ್ನಡಿಯೇ," ಎಂದ ಮೇಸ್ತ್ರಿ. "ಮರುದಿನ ಧೂಳು, ಉಪ್ಪು, ಕೋಳಿಪುಕ್ಕ ಎಲ್ಲ ಅಂಟಿಕೊಂಡಿರ್ತದೆ. ಆಮೇಲೆ ಆ ಜಿಡ್ಡು ತೆಗೆಯುವ ಕೂಲಿ ಬೇರೆ."

ಮಾಷ್ಟ್ರು ಒಂದು ಚೊಂಬು ನೀರು ತಂದು ದೋಣಿಯ ಪಕ್ಕಕ್ಕೆ ಎರಚಿದರು. "ನೋಡಿ, ಒದ್ದೆ ಆದಲ್ಲಿ ನೀಲಿ ಬಂತಲ್ಲ? ಹಾಗಾದ್ರೆ ಬಣ್ಣ ಸತ್ತಿಲ್ಲ. ಮೇಲಿರುವ ಜೆಲ್‌ಕೋಟ್ ಅಂದ್ರೆ ಬಣ್ಣ ಕಲಸಿದ ಪಾಲಿಯೆಸ್ಟರ್ ರೆಸಿನ್, ಹೆಚ್ಚು ಕಡಿಮೆ ಅರ್ಧ ಮಿಲ್ಲಿಮೀಟರ್ ದಪ್ಪ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅದರ ಮೇಲ್ಮೈ ಒಡೆದು ಪುಡಿ ಆಗ್ತದೆ. ಕೈಯಲ್ಲಿ ಒರೆಸಿದ್ರೆ ಹಿಟ್ಟು ಬರುವುದು ಅದೇ. ಮೈ ತರಿತರಿ ಆದ್ರೆ ಬೆಳಕು ಚೆದರಿ ಬಿಳಿಚಿ ಕಾಣ್ತದೆ. ನೀರೋ ಎಣ್ಣೆಯೋ ಆ ತರಿಯನ್ನು ತುಂಬಿದಷ್ಟು ಹೊತ್ತು ಹೊಳಪು. ತರಿ ತೆಗೆದು ಸಪಾಟು ಮಾಡದೆ ಹೊಳಪು ನಿಲ್ಲುವುದಿಲ್ಲ."

"ಒಟ್ಟು ಸೇರಿ ಉಜ್ಜಬೇಕು ಅಂತ ತಾನೆ? ಇದಕ್ಕೆ ಕೆಮಿಸ್ಟ್ರಿ ಬೇಕಿತ್ತಾ?"

"ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯಲಿಕ್ಕೆ ಬೇಕು. ಇರುವುದೇ ಅರ್ಧ ಮಿಲ್ಲಿಮೀಟರ್. ಪ್ರತಿ ಸಲ ಉಜ್ಜಿದಾಗಲೂ ಅದರಲ್ಲೇ ಸ್ವಲ್ಪ ಹೋಗ್ತದೆ."

ಭಾವನ ಮುಂದಿನ ಪ್ರಶ್ನೆ ನ್ಯಾಯವಾದದ್ದೇ. ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿ ಹಾಕಿ ಜನ ಕೈಕಟ್ಟಿ ಕೂತಿರುವಾಗಲೇ ಇದನ್ನು ಮುಗಿಸಬಹುದಿತ್ತಲ್ಲ?

"ನಮ್ಮ ಕರಾವಳಿಯ ಆಟಿ ತಿಂಗಳಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ," ಎಂದ ಮೇಸ್ತ್ರಿ. "ಆ ತೇವದಲ್ಲಿ ವ್ಯಾಕ್ಸ್ ಸರಿ ಕೂರುವುದಿಲ್ಲ, ಜೆಲ್‌ಕೋಟ್ ರಿಪೇರಿ ಸರಿ ಗಟ್ಟಿ ಆಗುವುದಿಲ್ಲ. ಮಳೆ ಬಿಟ್ಟ ಮೇಲೆ, ನೆರಳಿನಲ್ಲಿ ಮಾಡಬೇಕು. ನೆರಳು ಅಂತ ತೆಂಗಿನ ಮರದ ಬುಡಕ್ಕೆ ಎಳೆದು ತರಬೇಡಿ. ಒಂದು ಕಾಯಿ ಬಿದ್ರೆ ಜೆಲ್‌ಕೋಟ್ ನಕ್ಷತ್ರದ ಆಕಾರದಲ್ಲಿ ಒಡೀತದೆ. ಅದಕ್ಕೆ ಪಾಲಿಶ್ ನಾಟುವುದಿಲ್ಲ."

ಮೊದಲು ತೊಳೆಯುವುದು, ಅದೂ ಸಿಹಿನೀರಿನಲ್ಲಿ. ಉಪ್ಪು, ಮರಳು ಉಳಿದರೆ ಬಫಿಂಗ್ ಮಾಡುವಾಗ, ಅಂದರೆ ಮಿಷನ್ನಿನಲ್ಲಿ ಉಜ್ಜಿ ಹೊಳಪು ತರುವಾಗ, ಅವೇ ಗೀರುತ್ತವೆ. ಭಾವ ತೆಂಗಿನ ನಾರು ಮತ್ತು ಪಾತ್ರೆ ತೊಳೆಯುವ ಪುಡಿ ಹಿಡಿದು ಎದ್ದೇ ಬಿಟ್ಟಿದ್ದ. ಮೇಸ್ತ್ರಿ ಎರಡನ್ನೂ ಕಸಿದುಕೊಂಡು ಮೆತ್ತಗಿನ ಬ್ರಷ್ಷು, ಸೌಮ್ಯ ಶಾಂಪೂ ಕೊಟ್ಟ. ಒಣಗಿದ ಮೇಲೆ ಹಳೇ ವ್ಯಾಕ್ಸ್, ಜಿಡ್ಡು ತೆಗೆಯಲು ಅಸಿಟೋನ್, ಕಿಡಿ ತಾಗಿದರೆ ಭಗ್ಗೆನ್ನುವ ದ್ರಾವಕ. ಬಟ್ಟೆ ಒದ್ದೆ ಮಾಡಿ ಒಂದೇ ದಿಕ್ಕಿಗೆ ಒರೆಸಬೇಕು, ಬಟ್ಟೆಯ ಮಡಿಕೆ ಬದಲಿಸುತ್ತಿರಬೇಕು. ಇಲ್ಲದಿದ್ದರೆ ಆಚೆಯ ಜಿಡ್ಡನ್ನು ಈಚೆ ತಂದು ಹಚ್ಚಿದ ಲೆಕ್ಕ.

"ಬೀಡಿ," ಎಂದರು ಮಾಷ್ಟ್ರು, ತಿರುಗಿ ನೋಡದೆಯೇ. ಭಾವನ ಬೆಂಕಿಪೊಟ್ಟಣ ಕಿಸೆಗೆ ವಾಪಸ್ಸು ಹೋಯಿತು.

ಬೋಲ್ಟುಗಳ ಕೆಳಗೆ ಇಳಿದ ತುಕ್ಕಿನ ಕಲೆಗೆ ಆಕ್ಸಾಲಿಕ್ ಆಸಿಡ್. ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ, ಕೈಗವಸು ಹಾಕಿ ಹಚ್ಚಿ, ಒಣಗಲು ಬಿಡದೆ ಹತ್ತು ನಿಮಿಷದಲ್ಲಿ ಚೆನ್ನಾಗಿ ತೊಳೆಯಬೇಕು. ಕಲೆ ಹೋಗುವುದು ಅದಕ್ಕೇ ಬಿಟ್ಟದ್ದು, ಉಜ್ಜಿ ಜೆಲ್‌ಕೋಟ್ ಸವೆಸಬೇಕಾಗಿಲ್ಲ. ವಿಷ ಅದು; ಶೆಡ್ಡಿನಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಇಡುವ ವಸ್ತುವಲ್ಲ.

"ಇನ್ನು 120 ನಂಬ್ರದ ಉಜ್ಜುವ ಪೇಪರ್ ತೆಗೊಳ್ಳುವ. ಬೇಗ ಮುಗೀತದೆ," ಎಂದ ಭಾವ.

"ಮುಗೀತದೆ ಹೌದು, ಜೆಲ್‌ಕೋಟ್. ನಂಬ್ರ ಕಡಿಮೆ ಆದಷ್ಟೂ ಪೇಪರ್ ಒರಟು. 120ರ ಗೀರು ತೆಗೆಯಬೇಕಾದ್ರೆ ಇರುವುದೆಲ್ಲ ಅಲ್ಲಿಗೇ ಬೇಕು." ಮೇಸ್ತ್ರಿ ಒಂದು ಚದರಡಿ ಜಾಗ ಗುರುತು ಮಾಡಿದ. "ಮೊದಲು ಇಲ್ಲಿ ಬರೀ ರಬ್ಬಿಂಗ್ ಕಾಂಪೌಂಡ್, ಅಂದ್ರೆ ಉಜ್ಜುವ ಪೇಸ್ಟ್, ಹಾಕಿ ನೋಡುವುದು. ಹೊಳಪು ಬಂದ್ರೆ ದೋಣಿ ಪೂರ್ತಿ ಅಷ್ಟೇ ಸಾಕು, ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಮುಟ್ಟುವುದೇ ಬೇಡ. ಬರದಿದ್ರೆ 1500. ಆಗ್ಲೂ ಬರದಿದ್ರೆ 1000. ತೀರಾ ಹೋದದ್ದಕ್ಕೆ 800ರಿಂದ ಶುರು. ಎಷ್ಟು ಒರಟಿನಿಂದ ಶುರು ಮಾಡಿದ್ರೂ ಮೆಟ್ಟಿಲು ಹಾರ್ಲಿಕ್ಕಿಲ್ಲ: 800, 1000, 1500, 2000."

ಈ ದೋಣಿ 800 ಕೇಳಿತು. ಬಿಸಿಲು ಕಂಡ ಗಾಢ ನೀಲಿಯೆಂದರೆ ಹಾಗೆಯೇ. ಬಿಳಿ ದೋಣಿಯೂ ಹಾಳಾಗಿರುತ್ತದೆ, ಆದರೆ ಬಿಳಿಯ ಮೇಲೆ ಬಿಳಿಪುಡಿ ಯಾರಿಗೆ ಕಾಣುತ್ತದೆ?

ವಾಟರ್ ಪೇಪರನ್ನು ಕಾಲು ಗಂಟೆ ನೆನೆಸಬೇಕು, ನೀರಿಗೆ ನಾಲ್ಕು ಹನಿ ಶಾಂಪೂ ಬಿಡಬೇಕು. ಬೆರಳಲ್ಲಿ ಒತ್ತಿ ಉಜ್ಜಿದರೆ ಬೆರಳ ಸಾಲು ಬೀಳುತ್ತದೆ. ರಬ್ಬರ್ ಬ್ಲಾಕಿಗೆ ಸುತ್ತಿಯೇ ಉಜ್ಜಬೇಕು. 800ರಲ್ಲಿ ಅಡ್ಡಕ್ಕೆ, 1000ದಲ್ಲಿ ಲಂಬಕ್ಕೆ, ಮುಂದಿನದ್ದು ಮತ್ತೆ ಅಡ್ಡಕ್ಕೆ. ಲಂಬಕ್ಕೆ ಉಜ್ಜುವಾಗ ಅಡ್ಡ ಗೀರು ಒಂದಾದರೂ ಕಂಡರೆ ಹಿಂದಿನದ್ದು ಸರಿಯಾಗಿ ಹೋಗಿಲ್ಲ ಎಂದರ್ಥ. ಶುರುವಿಗೆ ಮೊದಲು ಪೆನ್ಸಿಲಿನಲ್ಲಿ ಹಗುರಕ್ಕೆ ಗೆರೆ ಎಳೆದಿಟ್ಟರೆ ಎಲ್ಲಿ ಪೇಪರ್ ತಾಗಿಲ್ಲ ಎಂಬುದು ಗೊತ್ತಾಗುತ್ತದೆ. ಅಂಚು, ಮೂಲೆಗಳಲ್ಲಿ ಜೆಲ್‌ಕೋಟ್ ಬೇಗ ಸವೆಯುತ್ತದೆ. ಅಲ್ಲಿ ಎರಡು ಸುತ್ತು ಮಾಸ್ಕಿಂಗ್ ಟೇಪ್, ಕೊನೆಗೆ ಕೈಯಲ್ಲೇ ಹಗುರಕ್ಕೆ.

"ನೀರು ನೀಲಿ ಆಗ್ತಾ ಉಂಟು ಮಾರಾಯ!"

"ಆಗಬೇಕಾದದ್ದೇ. ಒಳಗಿನ ಗ್ಲಾಸ್ ಫೈಬರ್ ಮ್ಯಾಟಿನ ನೂಲು ಕಾಣಲಿಕ್ಕೆ ಶುರುವಾದ್ರೆ ಕೂಗಿ. ಅಲ್ಲಿಗೆ ಜೆಲ್‌ಕೋಟ್ ಮುಗಿದ ಹಾಗೆ. ಮತ್ತೆ ಪಾಲಿಶ್ ಅಲ್ಲ, ಎಪಾಕ್ಸಿ ಪ್ರೈಮರ್ ಮೇಲೆ ಪಾಲಿಯುರೆಥೇನ್ ಪೈಂಟೇ ಗತಿ."

ಭಾವ ಅಷ್ಟರಲ್ಲಿ ಮನೆಯಿಂದ ಗ್ರೈಂಡರ್ ತರಿಸಿದ್ದ, ಅದಕ್ಕೆ ಉಣ್ಣೆಯ ಬಫ್ ಕಟ್ಟಿಸಿಕೊಂಡು. ಮೇಸ್ತ್ರಿ ಪ್ಲಗ್ಗೇ ಕಿತ್ತ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಜೆಲ್‌ಕೋಟಿಗೆ ಬೇಕಾದದ್ದು 1,200ರಿಂದ 1,500. ವೇಗ ತಿರುಗಿಸಿ ಇಟ್ಟುಕೊಳ್ಳಬಹುದಾದ 7 ಇಂಚಿನ ಪಾಲಿಶರ್ ಬಾಡಿಗೆಗೆ ಸಿಗುತ್ತದೆ. ಗ್ರೈಂಡರ್ ಇಟ್ಟಲ್ಲಿ ಎರಡೇ ಸೆಕೆಂಡಿಗೆ ಸುಟ್ಟು ಹಳದಿ ಕಲೆ ಬೀಳುತ್ತದೆ. ಅದನ್ನು ತೆಗೆಯಲು ಮತ್ತೆ 800.

"ಪಕ್ಕ ಎರಡಡಿ ಎತ್ತರ, 20 ಅಡಿ ಉದ್ದ," ಮಾಷ್ಟ್ರು ಲೆಕ್ಕ ಹಾಕಿದರು. "ಎರಡಡಿ ಚೌಕ ಅಂತ ತೆಗೊಂಡ್ರೆ ಒಂದು ಪಕ್ಕಕ್ಕೆ 10, ಎರಡಕ್ಕೆ 20."

"ಒಟ್ಟಿಗೇ ಹಚ್ಚಿ ಎಳೆದು ಬಿಟ್ರೆ?"

"ಕಾಂಪೌಂಡ್ ಒಣಗಿ ಗಂಟು ಕಟ್ತದೆ. ಒಂದು ಚೌಕ ಮುಗಿಸಿಯೇ ಇನ್ನೊಂದು. ನಾಲ್ಕು ಚುಕ್ಕಿ ಇಡಿ, ಮಿಷನ್ ಆನ್ ಮಾಡುವ ಮೊದಲು ಪ್ಯಾಡಿನಲ್ಲಿ ಹರಡಿ. ಇಲ್ಲದಿದ್ರೆ ಕಾಂಪೌಂಡ್ ದೋಣಿಗಿಂತ ನಿಮ್ಮ ಬನಿಯನಿಗೇ ಹೆಚ್ಚು. ಪ್ಯಾಡ್ ಸಪಾಟಾಗಿರಲಿ, ಒಂದೇ ಕಡೆ ನಿಲ್ಲಬೇಡಿ. ಅಂಚಿಗೆ ಬಂದಾಗ ಪ್ಯಾಡ್ ಅಂಚಿನಿಂದ ಹೊರಕ್ಕೆ ತಿರುಗಬೇಕು, ಒಳಕ್ಕಲ್ಲ."

ಉಣ್ಣೆ ಪ್ಯಾಡಿನಲ್ಲಿ ಕಾಂಪೌಂಡ್ ಮುಗಿದ ಮೇಲೆ ಸ್ಪಂಜಿನ ಪ್ಯಾಡಿನಲ್ಲಿ ನಯವಾದ ಪಾಲಿಶ್, ಇನ್ನೂ ಕಡಿಮೆ ವೇಗದಲ್ಲಿ. ಉಣ್ಣೆ ಬಿಟ್ಟ ಸುರುಳಿ ಗೀರು ತೆಗೆಯುವುದು ಈ ಸುತ್ತು. ಇದನ್ನು ತಪ್ಪಿಸಿದರೆ ಶೆಡ್ಡಿನಲ್ಲಿ ಚಂದ, ಬಿಸಿಲಿಗೆ ಎಳೆದಾಗ ನೀಲಿಯ ಮೇಲೆ ಜೇಡರಬಲೆ. ಇನ್ನೊಂದು ಮೋಸ: ಪಾಲಿಶಿನ ಎಣ್ಣೆ ಗೀರುಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿದರೆ ನಿಜ ಸ್ವರೂಪ ಹೊರಗೆ ಬರುತ್ತದೆ.

"ಆಲ್ಕೋಹಾಲ್ ಅಂದ್ರಲ್ಲ," ಭಾವನ ಕಣ್ಣು ಅರಳಿತು.

"ಅದು ಕುಡಿಯುವುದಲ್ಲ," ಇಬ್ಬರೂ ಒಟ್ಟಿಗೆ.

ವ್ಯಾಕ್ಸ್ ಅದೇ ದಿನ ಆಗಬೇಕು. ಉಜ್ಜಿದ ಜೆಲ್‌ಕೋಟಿಗೆ ರಕ್ಷಣೆ ಏನೂ ಇರುವುದಿಲ್ಲ, ನಾಳೆಯ ಬಿಸಿಲು ನಾಳೆಯೇ ಕೆಲಸ ಶುರು ಮಾಡುತ್ತದೆ. ಕಾರ್ನೌಬಾ (ತಾಳೆ ಜಾತಿಯ ಮರದ ಎಲೆಯ ಮೇಣ) ಪೇಸ್ಟ್ ವ್ಯಾಕ್ಸನ್ನು ಆದಷ್ಟು ತೆಳ್ಳಗೆ ಹಚ್ಚಿ, ಮಂಜು ಕಟ್ಟಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಕೆಲವು ಗಂಟೆ ಬಿಟ್ಟು ಎರಡನೆಯ ಕೈ. ದಪ್ಪ ಹಚ್ಚಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸುವವನ ರಟ್ಟೆ ಮಾತ್ರ ಹೋಗುತ್ತದೆ. ಪಾಲಿಮರ್ ಸೀಲೆಂಟ್ ಇನ್ನೂ ಹೆಚ್ಚು ಬಾಳುತ್ತದೆ, ನಮ್ಮ ಬಿಸಿಲಿಗೆ ಅದೇ ವಾಸಿ ಎಂಬುದು ಮೇಸ್ತ್ರಿಯ ಮತ. ನೆಲಕ್ಕೆ ಹಾಕುವ ಅಕ್ರಿಲಿಕ್ ಪಾಲಿಶ್ ಬಗ್ಗೆ ಭಾವ ಬಾಯಿ ತೆರೆಯುವ ಮೊದಲೇ ಉತ್ತರ ಬಂತು: ಮೊದಮೊದಲು ಭರ್ಜರಿ, ಆಮೇಲೆ ಹಳದಿ, ಆಮೇಲೆ ಸಿಪ್ಪೆ ಸಿಪ್ಪೆ.

ಬಿರುಕುಗಳ ಮಾತು ಬಂದಾಗ ಮಾತ್ರ ಶೆಡ್ಡಿನಲ್ಲಿ ತಮಾಷೆ ಸ್ವಲ್ಪ ನಿಂತಿತು. ಬಿರುಕನ್ನು ಚೂಪು ಉಪಕರಣದಲ್ಲಿ ಅಗಲ ಮಾಡಿ ಹೊಸ ಜೆಲ್‌ಕೋಟ್ ತುಂಬಬೇಕು. 100 ಗ್ರಾಮಿಗೆ ಅದನ್ನು ಗಟ್ಟಿ ಮಾಡುವ ಕ್ಯಾಟಲಿಸ್ಟ್ 1.5ರಿಂದ 2 ಮಿಲಿ; ಆ ಕೆಲಸ ಚುರುಕು ಮಾಡುವುದು ಕೊಬಾಲ್ಟ್.

"ಕೊಬಾಲ್ಟು, ಕ್ಯಾಟಲಿಸ್ಟು ಎರಡನ್ನೂ ಒಂದೇ ಗ್ಲಾಸಿಗೆ ಹಾಕಿ ಇಟ್ರೆ ಸುಲಭ ಅಲ್ವಾ?"

"ಇಟ್ಟು ಓಡಬೇಕು," ಎಂದರು ಮಾಷ್ಟ್ರು. "ಕ್ಯಾಟಲಿಸ್ಟ್ ಪೆರಾಕ್ಸೈಡ್, ಕೊಬಾಲ್ಟ್ ಅದನ್ನು ಒಡೆಯುವ ವಸ್ತು. ನೇರ ಸೇರಿದ್ರೆ ಬೆಂಕಿ, ಸ್ಫೋಟ. ಮೊದಲು ಕೊಬಾಲ್ಟ್ ರೆಸಿನಿನಲ್ಲಿ ಪೂರ್ತಿ ಕಲಸಿ ಹೋಗಬೇಕು, ಆಮೇಲೆ ಕ್ಯಾಟಲಿಸ್ಟ್. ಡಬ್ಬದಲ್ಲೇ ಕೊಬಾಲ್ಟ್ ಸೇರಿ ಬರುವ ಜೆಲ್‌ಕೋಟಿಗೆ ಮತ್ತೆ ಹಾಕ್ಲಿಕ್ಕೂ ಇಲ್ಲ."

ತುಂಬಿದ ಜೆಲ್‌ಕೋಟಿನ ಮೇಲ್ಮೈ ಗಾಳಿಯ ಆಮ್ಲಜನಕ ತಾಗಿದರೆ ಅಂಟಂಟಾಗಿಯೇ ಉಳಿಯುತ್ತದೆ. ಮೇಲೆ ನುಣುಪಾದ ಪ್ಲಾಸ್ಟಿಕ್ ಹಾಳೆ ಅಂಟಿಸಿ ಗಾಳಿ ತಪ್ಪಿಸಬೇಕು, ಇಲ್ಲವೇ ವ್ಯಾಕ್ಸ್ ದ್ರಾವಣ ಬೆರೆಸಿಯೇ ಹಾಕಬೇಕು. ಗಟ್ಟಿಯಾದ ಮೇಲೆ ಅದಕ್ಕೂ ಅದೇ ವಾಟರ್ ಪೇಪರ್, ಅದೇ ಮೆಟ್ಟಿಲು.

ಮುಂದಿನ ಪಾಲನೆ ಸಣ್ಣದು: ಸಂಜೆ ದಡ ಸೇರಿದ ಮೇಲೆ ಸಿಹಿನೀರು, ಒಣಬಟ್ಟೆ. ನೀರು ಮಣಿಮಣಿಯಾಗಿ ನಿಲ್ಲದೆ ಹಾಳೆಯಂತೆ ಹರಡಿತು ಎಂದರೆ ವ್ಯಾಕ್ಸ್ ಮುಗಿದಿದೆ, ಇನ್ನೊಂದು ಕೈ ಹಚ್ಚಬೇಕು. ಟಾರ್ಪಾಲು ಹೊದಿಸುವಾಗ ಮೈಗೆ ಅಂಟಿಸಿ ಕಟ್ಟಬಾರದು, ತೇವ ಸಿಕ್ಕಿಬಿದ್ದು ಕಲೆಯಾಗುತ್ತದೆ. ಬಿದಿರಿನ ಗಳು ಕೊಟ್ಟು ಗಾಳಿ ಆಡಲು ಬಿಡಬೇಕು.

"ಕಾಲಿಡುವ ಡೆಕ್ಕಿಗೂ ಎರಡು ಕೈ ವ್ಯಾಕ್ಸ್ ಹಾಕಿದ್ರೆ ಚಂದ ಕಾಣ್ತದಲ್ಲ?"

"ಕಾಣ್ತದೆ. ಹತ್ತಿದ ಪ್ರವಾಸಿಗರು ಆಚೆ ಬದಿಯಿಂದ ಇಳೀತಾರೆ, ನೀರಿಗೆ."

ಕೊನೆಗೆ ಉಳಿದದ್ದು ಹೆಸರು. ಹಿಂದಿನ ಯಜಮಾನರ ಸ್ಟಿಕ್ಕರನ್ನು ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ಕಿತ್ತಿದ್ದಾಗಿದೆ. ಆದರೆ ಅಕ್ಷರಗಳ ಅಡಿಯ ಜೆಲ್‌ಕೋಟ್ ಬಿಸಿಲೇ ಕಾಣದೆ ಹೊಸದರಂತೆ ಉಳಿದದ್ದರಿಂದ, ಪಾಲಿಶ್ ಮಾಡಿದರೂ 'ಜಲರಾಣಿ' ಅಂತ ಗಾಢ ನೀಲಿಯಲ್ಲಿ ಓದಲು ಬರುತ್ತದೆ.

"ಸುತ್ತಲಿನ ಜಾಗವನ್ನು ಮತ್ತೆ 800ರಿಂದ ಇಳಿಸಿಕೊಂಡು ಬಂದ್ರೆ ಮಸುಕಾಗಬಹುದು," ಎಂದ ಮೇಸ್ತ್ರಿ. "ಪೂರ್ತಿ ಹೋಗುವ ಗ್ಯಾರಂಟಿ ಇಲ್ಲ."

ಭಾವ ತನ್ನ ರಟ್ಟೆ ಮುಟ್ಟಿ ನೋಡಿಕೊಂಡ. "ಜಲರಾಣಿ," ಎಂದ. "ಹೆಸರು ಒಳ್ಳೇದೇ ಉಂಟಲ್ಲ?"