ವಿನೈಲ್ ಎಸ್ಟರ್ ಕಾರ್ಬನ್ ಎಳೆಗೆ ಅಂಟುತ್ತಿಲ್ಲ, ನೀವೇನು ಮಾಡಿದಿರಿ?

ಬಿಡಿಪದರ: ಕಾರ್ಬನ್ ಬಟ್ಟೆ, ವಿನೈಲ್ ಎಸ್ಟರ್ (ಗಟ್ಟಿಯಾಗಿ ಎಳೆಗಳನ್ನು ಹಿಡಿದಿಡುವ ರೆಸಿನ್) ಸೇರಿಸಿ ಪ್ಯಾನೆಲ್ ಮಾಡುತ್ತಿದ್ದೇನೆ. ಶಾರ್ಟ್ ಬೀಮ್ ಟೆಸ್ಟಿನಲ್ಲಿ (ಗಿಡ್ಡ ತುಂಡನ್ನು ಎರಡು ರೋಲರ್ ಮೇಲಿಟ್ಟು ಮಧ್ಯೆ ಮೇಲಿನಿಂದ ಒತ್ತುವುದು) ಪದರ ಬೇಗ ಬಿಡುತ್ತದೆ. ಮುರಿದ ಕಡೆ ಎಳೆಗಳ ಮೇಲೆ ಚೂರೂ ರೆಸಿನ್ ಇಲ್ಲ. ಅಂಟುವಂತೆ ಎಳೆಯ ಮೇಲ್ಮೈ ಹದ ಮಾಡಲು ಆಸಿಡ್ಡಾ, ಪ್ಲಾಸ್ಮಾನಾ?

ಕಪ್ಪುನೂಲು: ನಮ್ಮದು ಎಪಾಕ್ಸಿ ರೆಸಿನ್, ನೈಟ್ರಿಕ್ ಆಸಿಡ್ ದಾರಿ. ಅಂಟು ಬಂತು, ಶಿಯರ್ (ಪದರಗಳು ಜಾರದಂತೆ ತಡೆಯುವ ಬಲ) ಏರಿತು. ಖರ್ಚು ಮಾತ್ರ ಮೂಗಿಗಿಂತ ಮೂಗುತಿ ಭಾರ. ಪಿಎಚ್ ಸರಿಹೋಗುವ ತನಕ ಡಿಸ್ಟಿಲ್ಡ್ ನೀರು ಸುರಿಯಬೇಕು. ಆಮೇಲೆ ಓವನ್, ಫ್ಯೂಮ್ ಹುಡ್, ಕೊಳೆನೀರಿನ ವಿಲೇವಾರಿ. ತೊಳೆಯುವಾಗ ಬಟ್ಟೆಯ ನೇಯ್ಗೆ ಜರುಗಿ ಅಂಚೆಲ್ಲ ಬಿಚ್ಚಿಕೊಂಡಿತು. ಜಾಸ್ತಿ ನೆನೆದ ಬ್ಯಾಚಿನಲ್ಲಿ ಎಳೆಗೇ ಗುಂಡಿ ಬಿದ್ದು ಟೆನ್ಸೈಲ್ (ಎಳೆದರೆ ತಾಳುವ ಬಲ) ಇಳಿಯಿತು. ಆದರೂ ಅಂಟಿತು ಅಂದರೆ ಅಂಟಿತು.

ನೀಲಿಬೆಳಕು: 7 ಮೈಕ್ರಾನ್ ಎಳೆಯನ್ನು ಆಸಿಡ್ಡಿಗೆ ತಿನ್ನಿಸಿ ಇದನ್ನು ಗೆಲುವು ಅಂತೀರಾ? ನಮ್ಮದು ಆಕ್ಸಿಜನ್ ಪ್ಲಾಸ್ಮಾ, ಅಂದರೆ ಪಂಪಿನಿಂದ ಗಾಳಿ ತೆಗೆದ ಪೆಟ್ಟಿಗೆಯಲ್ಲಿ ವಿದ್ಯುತ್ತಿನಿಂದ ಕೆರಳಿಸಿದ ಆಕ್ಸಿಜನ್. ನೀರಿಲ್ಲ, ಹೊಗೆಯಿಲ್ಲ. ಹೌದು, ಪಂಪ್ ನಮ್ಮನ್ನು ಅಳಿಸಿತು. ಆಕ್ಸಿಜನ್ನಿಗೆ ಮಾಮೂಲಿ ಪಂಪ್ ಎಣ್ಣೆ ಹಾಕುವ ಹಾಗಿಲ್ಲ, ಫ್ಲೋರಿನ್ ಇರುವ ದುಬಾರಿ ಎಣ್ಣೆಯೇ ಬೇಕು. ಯಂತ್ರ ಮಾರಿದವರು ಈ ಮಾತೇ ಎತ್ತಲಿಲ್ಲ. ಬಟ್ಟೆ ಹೊರತೆಗೆದ ಕೂಡಲೇ ರೆಸಿನ್ ಹಾಕಬೇಕು, ಗಾಳಿಯಲ್ಲಿ ಬಿಟ್ಟರೆ ಪರಿಣಾಮ ಇಳಿಯುತ್ತಾ ಹೋಗುತ್ತದೆ.

ಕಪ್ಪುನೂಲು: ದಪ್ಪ ಟೋ (ಎಳೆಗಳ ಕಟ್ಟು) ಒಳಗಿನ ಎಳೆಗಳಿಗೆ ನಿಮ್ಮ ಪ್ಲಾಸ್ಮಾ ತಲುಪುತ್ತದಾ? ಮೇಲ್ಮೈಗೆ ಬಣ್ಣ ಬಳಿದಂತೆ ಅಷ್ಟೇ ಅಲ್ವಾ?

ನೀಲಿಬೆಳಕು: ಟೋ ಹರಡಿಯೇ ಒಳಗೆ ಬಿಡುತ್ತೇವೆ. ಸುಮ್ನೆ ಬಾಯಿಗೆ ಬಂದದ್ದು ಬರೆಯಬೇಡಿ.

ರೋಲ್ ಉಳಿದವನು: ಇಬ್ಬರೂ ಸೈಜಿಂಗ್ ಬಗ್ಗೆ ಕೇಳಲೇ ಇಲ್ಲ! ಬಟ್ಟೆಯ ಮೇಲೆ ತೂಕದಲ್ಲಿ ಸುಮಾರು 1% ಇರುವ ಆ ಲೇಪ ಸಾಮಾನ್ಯವಾಗಿ ಎಪಾಕ್ಸಿಗೆಂದೇ ಹಾಕಿರುತ್ತಾರೆ. ವಿನೈಲ್ ಎಸ್ಟರಿಗೆ ಅದು ಸರಿಯಾಗಿ ಒಗ್ಗುವುದಿಲ್ಲ. ಮೇಲಾಗಿ ಈ ರೆಸಿನ್ ಗಟ್ಟಿಯಾಗುವಾಗ ಎಪಾಕ್ಸಿಗಿಂತ ಜಾಸ್ತಿ ಕುಗ್ಗುತ್ತದೆ. ನಮಗೆ "ಎಲ್ಲ ರೆಸಿನ್ನಿಗೂ ಆಗುತ್ತೆ" ಅಂತ ಮಾರಿದರು. ರೋಲ್ ವಾಪಸ್ ತಗೊಳ್ಳಲಿಲ್ಲ, ಇನ್ನೂ ಮೂಲೆಯಲ್ಲಿದೆ. ವಿನೈಲ್ ಎಸ್ಟರಿಗೆ ಹೊಂದುವ ಸೈಜಿಂಗ್ ಇರುವ ಬಟ್ಟೆ ತರಿಸಿದೆವು. ಆಸಿಡ್ಡೂ ಇಲ್ಲ, ಪ್ಲಾಸ್ಮಾನೂ ಇಲ್ಲ.

ರೋಲರ್: ಮೊದಲು ಟೆಸ್ಟ್ ನೋಡಿ ಸ್ವಾಮಿ. ಸ್ಪ್ಯಾನ್ (ಕೆಳಗಿನ ಎರಡು ರೋಲರುಗಳ ನಡುವಿನ ಅಂತರ) ಮಾದರಿಯ ದಪ್ಪದ 4 ಪಟ್ಟು ಇತ್ತಾ? ಮೇಲಿನ ರೋಲರ್ ಕೆಳಗೆ ಜಜ್ಜಿಹೋಗಿದ್ದರೆ ಅದು ಶಿಯರ್ ಅಲ್ಲ. ಕಪ್ಪುನೂಲು ಅವರ ಏರಿದ ಸಂಖ್ಯೆಯ ಮೇಲೂ ನನಗೆ ಅನುಮಾನ.

ಕಪ್ಪುನೂಲು: ನನ್ನ ಮಾದರಿಗಳು ಮಧ್ಯದ ಪದರದಲ್ಲೇ ಸೀಳಿದ್ದವು. ನೋಡದೆ ಅನುಮಾನ ಬೇಡ.

ರೋಲರ್: ಹಾಗಾದರೆ ಇಂಪ್ಯಾಕ್ಟ್ ಟೆಸ್ಟಿನ ಲೆಕ್ಕವನ್ನೂ ಹಾಕಿ. ಅಂಟು ಅತಿಯಾದರೆ ಬಿರುಕು ಎಳೆಯ ಪಕ್ಕಕ್ಕೆ ತಿರುಗದೆ ನೇರ ನುಗ್ಗುತ್ತದೆ, ಹೊಡೆತ ತಾಳುವುದು ಕಡಿಮೆಯಾಗುತ್ತದೆ. ಅದನ್ನು ಯಾಕೆ ಹೇಳಲಿಲ್ಲ?

ನೀಲಿಬೆಳಕು: ನಾನೂ ಅದನ್ನೇ ಕೇಳಬೇಕು ಅಂತಿದ್ದೆ.

ಕಪ್ಪುನೂಲು: ಮೊದಲು ನಿಮ್ಮದು ಹಾಕಿ.